ಬ್ಯಾಟರಿ ಇಲ್ಲದೆ ಎರಡು ನ್ಯಾನೋಆಂಪ್

ಎರಡೂ ಕಡೆ ಚಿನ್ನ ತಾಗಿಸಿದ, ಎರಡು-ಮೂರು ಅಣುಪದರದಷ್ಟೇ ದಪ್ಪದ ಚಕ್ಕೆಗೆ ಕೆಂಪು ಲೇಸರ್ ಬಿಟ್ಟರೆ ಬ್ಯಾಟರಿ ಇಲ್ಲದೆ ಕರೆಂಟ್ ಬರುತ್ತದೆಯೇ ಅಂತ ನೋಡುತ್ತಿದ್ದೆ. ಮೊದಲ ಮೂರು ತಿಂಗಳು ನನಗೆ ಸಿಕ್ಕ ಸಿಗ್ನಲ್ ಎಲ್ಲಾ ಧಾರವಾಡದ ಮಳೆಯದು. ಜಿಟಿಜಿಟಿ ಹಿಡಿದ ದಿನ ಕರೆಂಟ್ ಏರುತ್ತಿತ್ತು, ಬಿಸಿಲು ಬಿದ್ದರೆ ಇಳಿಯುತ್ತಿತ್ತು. ಪುಟ್ಟ ಕರೆಂಟನ್ನು ವೋಲ್ಟೇಜಾಗಿ ತೋರಿಸುವ ಆಂಪ್ಲಿಫೈಯರ್ ಬೋರ್ಡಿಗೆ ಬೆರಳಿನ ಜಿಡ್ಡು ಅಂಟಿತ್ತು. ಅದು ತೇವ ಹಿಡಿದು ಸಪ್ಲೈ ಕಡೆಯಿಂದ ಇನ್‌ಪುಟ್‌ಗೆ ಸೋರುತ್ತಿತ್ತು. ಇನ್‌ಪುಟ್ ಕಾಲನ್ನು ಬೋರ್ಡಿನಿಂದ ಎತ್ತಿ, ಗಾಳಿಯಲ್ಲೇ ಒಂದು ನ್ಯಾನೋಆಂಪ್‌ಗೆ (ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲು) ಒಂದು ವೋಲ್ಟ್ ಕೊಡುವ 1 ಗಿಗಾಓಮ್ ರೆಸಿಸ್ಟರಿಗೆ ಬೆಸುಗೆ ಹಾಕಿದೆ. ಎಲ್ಲವನ್ನೂ ಬಿಸ್ಕಿಟ್ ಡಬ್ಬಿಯೊಳಗೆ ಇಟ್ಟು ಸಿಲಿಕಾ ಜೆಲ್ ಪುಡಿಕೆ ಹಾಕಿದೆ. ಸೋರಿಕೆ ನಿಂತಿತು.

ಚಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಪದರಪದರದ ಅರೆವಾಹಕದ್ದು, ಹರಳಿಗೆ ಟೇಪ್ ಅಂಟಿಸಿ ಬಿಡಿಸಿದ್ದು. ಟೇಪ್ ಎತ್ತುವ ಮುಂಚೆ ಚಕ್ಕೆ ಕೂರುವ ಚಿಪ್ಪನ್ನು ಎಷ್ಟು ಬಿಸಿ ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೂಕ್ಷ್ಮ ನಮೂನೆ ಮೂಡಿಸುವ ಲಿಥೋಗ್ರಫಿಗೆ ದುಡ್ಡಿರಲಿಲ್ಲ. ಕಾರ್ಬನ್ ಬಟ್ಟೆಯಿಂದ ಒಂದೇ ಒಂದು ಎಳೆ ಬಿಡಿಸಿದೆ, ದಪ್ಪ ಸುಮಾರು 7 ಮೈಕ್ರಾನ್. ಮೈಕ್ರೋಸ್ಕೋಪಿನಡಿ ಸೂಜಿಯಿಂದ ಅದನ್ನು ಚಕ್ಕೆ ಮೇಲೆ ಅಡ್ಡ ಮಲಗಿಸಿ, ಮೇಲೆ 50 ನ್ಯಾನೋಮೀಟರ್ ದಪ್ಪ ಚಿನ್ನ ಏರಿಸಿ, ಎಳೆ ಕಿತ್ತೆ. ಎಳೆ ಇದ್ದ ಜಾಗ ಚಿನ್ನವಿಲ್ಲದ ಸಂದಾಗಿ ಉಳಿಯಬೇಕು. ಹದಿನಾಲ್ಕರಲ್ಲಿ ಮೂರು ಉಳಿದವು. ಮಿಕ್ಕ ಹನ್ನೊಂದರಲ್ಲಿ ಎಳೆಯ ಕೆಳಗೂ ಚಿನ್ನ ನುಸುಳಿ ಎರಡೂ ಕಡೆ ಕೂಡಿಕೊಂಡಿತ್ತು. ಹುಬ್ಬಳ್ಳಿಯ ಪತ್ತಾರರಿಂದ ತಂದ ಚಿನ್ನಕ್ಕೇ ಹದಿನೈದು ಸಾವಿರ ಹೋಯಿತು.

ನಡುವೆ ಹಾಗೆಯೇ ಪದರ ಬಿಡಿಸಬಹುದಾದ, ಆದರೆ ತೇವದ ಗಾಳಿಗೆ ಕೆಡುವ ಬ್ಲ್ಯಾಕ್ ಫಾಸ್ಫರಸ್ಸನ್ನೂ ನೋಡಿದೆ. ಸಂಜೆ ಕನ್ನಡಿಯಂತೆ ಇದ್ದ ಚಕ್ಕೆ ಬೆಳಗ್ಗೆ ಬೊಕ್ಕೆ ಎದ್ದಿತ್ತು. ಮಳೆಗಾಲದಲ್ಲಿ ಇಲ್ಲಿ ಅದನ್ನು ಮುಟ್ಟಬೇಡಿ.

ನಮ್ಮ ಹಿರಿಯರೊಬ್ಬರು ಒಪ್ಪಲೇ ಇಲ್ಲ. "ಎರಡೂ ಕಡೆ ಅದೇ ಚಿನ್ನ, ಬ್ಯಾಟರಿ ಇಲ್ಲ, ಕರೆಂಟ್ ಎಲ್ಲಿಂದ ಬರ್ತೈತ್ರಿ? ಲೇಸರ್ ಬಿಸಿ ಅಷ್ಟ ಅದು" ಅಂದರು. ಬಿಸಿಯ ಮಾತು ಸುಳ್ಳಲ್ಲ, ಅದಕ್ಕೇ ಕಣ್ಣಿಗೆ ಕಾಣದ 980 ನ್ಯಾನೋಮೀಟರ್ ಲೇಸರ್ ತಂದೆ. ಎರಡು-ಮೂರು ಪದರದ ಚಕ್ಕೆ ಆ ಬೆಳಕನ್ನು ಹೀರುವುದಿಲ್ಲ. ಪವರ್ ಮೂರು ಪಟ್ಟು ಏರಿಸಿದರೂ ಕೆಂಪು ಲೇಸರಿನ ಹತ್ತನೇ ಒಂದು ಪಾಲೂ ಬರಲಿಲ್ಲ. ಬಂದಷ್ಟೂ ಚುಕ್ಕೆ ಚಿನ್ನದ ಮೇಲೆ ಕೂತಾಗ ಮಾತ್ರ. ಚಿನ್ನ ಬಿಸಿಯಾಗಿ ಬರುವ ಪಾಲು ಅಷ್ಟೇ.

650 ನ್ಯಾನೋಮೀಟರಿನ ಕೆಂಪು ಲೇಸರ್, 40 ಮೈಕ್ರೋವ್ಯಾಟ್ ಇದ್ದೀತು. ನಡುವೆ ಸೊನ್ನೆ ಇರುವ ಹಳೇ ಮುಳ್ಳಿನ ಮೀಟರ್ ಜೋಡಿಸಿ ಲೇಸರ್ ಚುಕ್ಕೆ ಸರಿಸುವ ಸ್ಕ್ರೂ ಆ ಹಿರಿಯರ ಕೈಗೇ ಕೊಟ್ಟೆ. ಚುಕ್ಕೆ ಸಂದಿನ ಎಡ ಅಂಚಿಗೆ ಬಂದಾಗ ಮುಳ್ಳು ಬಲಕ್ಕೆ ಎರಡು ವೋಲ್ಟ್, ಅಂದರೆ ಎರಡು ನ್ಯಾನೋಆಂಪ್. ನಡುವೆ ಸೊನ್ನೆ. ಬಲ ಅಂಚಿಗೆ ಹೋದಾಗ ಎಡಕ್ಕೆ ಒಂದೂವರೆ. ಚಿನ್ನ ಚಕ್ಕೆಗೆ ತಾಗುವ ಕಡೆ ಇರುವ, ಬೆಳಕಿಗೆ ಬಿಡುಗಡೆಯಾದ ಎಲೆಕ್ಟ್ರಾನ್‌ಗಳನ್ನು ತಳ್ಳುವ ವಿದ್ಯುತ್ ಫೀಲ್ಡ್ ಎರಡು ಅಂಚಿನಲ್ಲಿ ಎದುರುಬದುರು ಅಲ್ವಾ, ಹಾಗೇ ಬರಬೇಕು. ಅವರು ನಾಲ್ಕೈದು ಸಲ ಆಚೆ ಈಚೆ ತಿರುಗಿಸಿದರು. ಆಮೇಲೆ ಕೇಳಿದರು, "ಆ ಎಳಿ ಇನ್ನೂ ಅದಾವೇನ್ರಿ, ನನಗೊಂದೆರಡು ಕೊಡ್ರಿ."