ಹಿತ್ತಲಿನ ಮೊಲ, ಬೇಲಿಯಾಚೆಯ ಅಳಿಲು: ನಾಯಿ ಸಾಕುವ ಹೊಸಬರಿಗೆ

ಅಮೆರಿಕ, ಕೆನಡಾಗಳಿಗೆ ಬಂದು ಹಿತ್ತಲಿರುವ ಮನೆ ಸೇರಿದ ಒಂದೆರಡು ವರ್ಷಗಳಲ್ಲೇ ನಾಯಿಮರಿ ತರುವ ಕುಟುಂಬಗಳು ನಮ್ಮವರಲ್ಲಿ ಈಗ ಬಹಳ. ಅವರು ಮೊದಲು ಕೇಳುವ ಪ್ರಶ್ನೆ, ಬೇಲಿ ಎಷ್ಟು ಎತ್ತರವಿರಬೇಕು ಎಂಬುದು. ಎತ್ತರಕ್ಕಿಂತ ಬೇಲಿಯ ಆಚೆ ಈಚೆ ಏನು ಓಡಾಡುತ್ತದೆ ಎಂಬುದೇ ಮುಖ್ಯ ಎಂದು ನಾನು ಹೇಳಿದರೆ ಅವರಿಗೆ ಅಷ್ಟೇನೂ ಸಮಾಧಾನವಾಗುವುದಿಲ್ಲ. ಸುಮ್ಮನೆ ಸುತ್ತಾಡುವ ನಾಯಿಯನ್ನು ನಾಲ್ಕು ಅಡಿಯ ಬೇಲಿಯೂ ತಡೆದೀತು. ಮೊಲವನ್ನು ಕಂಡ ಅದೇ ನಾಯಿ ಆರು ಅಡಿಯ ಬೇಲಿಯಲ್ಲೂ ಸಂದು ಹುಡುಕುತ್ತದೆ. ಬೇಲಿಯಿದೆ ಎಂಬ ಧೈರ್ಯದಲ್ಲಿ ಹಿಂಬಾಗಿಲು ತೆರೆದು ನಾಯಿಯನ್ನು ಬಿಟ್ಟು, ಒಳಗೆ ಹೋಗಿ ಫೋನು ಹಿಡಿದು ಕೂರುವುದು ಹೊಸಬರು ಮಾಡುವ ಮೊದಲ ತಪ್ಪು. ನಾನೂ ಅದನ್ನೇ ಮಾಡಿದ್ದೆ.

ಬೆನ್ನಟ್ಟುವುದು ನಾಯಿಯ ಕೆಟ್ಟ ಚಾಳಿಯಲ್ಲ, ಹುಟ್ಟುಗುಣ. ಕಣ್ಣಿಟ್ಟು ನಿಲ್ಲುವುದು, ಹೊಂಚು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು ಎಂಬ ಬೇಟೆಯ ಹಂತಗಳಲ್ಲಿ ಮನುಷ್ಯರು ಒಂದೊಂದು ತಳಿಯಲ್ಲಿ ಒಂದೊಂದನ್ನು ತಲೆಮಾರುಗಳಿಂದ ಬಲಪಡಿಸಿದ್ದಾರೆ. ಬಾರ್ಡರ್ ಕೋಲಿ ದಿಟ್ಟಿಸಿ ಹೊಂಚುತ್ತದೆ, ಟೆರಿಯರ್ ನೆಲ ಬಗೆಯುತ್ತದೆ, ಬೀಗಲ್ ಮೂಗು ನೆಲಕ್ಕಿಟ್ಟರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಅಟ್ಟುವ ಓಟವೇ ನಾಯಿಗೆ ಬಹುಮಾನವಾದ್ದರಿಂದ, ಅಳಿಲು ಮರ ಹತ್ತಿ ಪಾರಾದರೂ ಅದಕ್ಕೆ ಸೋತೆನೆಂಬ ಭಾವನೆ ಬರುವುದಿಲ್ಲ. ಹಿಂತಿರುಗಿ ಬಂದ ಮೇಲೆ ಗದರಿಸಿದರೆ, ಬಂದದ್ದಕ್ಕೇ ಬೈಗುಳ ಎಂದು ಅದು ತಿಳಿಯುತ್ತದೆ. ಕರೆಯಬೇಕಾದ ಗಳಿಗೆ ಅದಕ್ಕಿಂತ ಮುಂಚಿನದು. ಕಿವಿ ಮುಂದಕ್ಕೆ ತಿರುಗುತ್ತದೆ, ಬಾಲದ ಅಲುಗಾಟ ನಿಲ್ಲುತ್ತದೆ, ಮುಂಗಾಲೊಂದು ನೆಲ ಬಿಟ್ಟು ಮೇಲೇಳುತ್ತದೆ. ಆ ಒಂದೆರಡು ಸೆಕೆಂಡುಗಳಲ್ಲಿ ಕರೆದರೆ ನಾಯಿ ತಿರುಗೀತು, ಓಟ ಕಿತ್ತ ಮೇಲೆ ಕರೆದರೆ ಇಲ್ಲ. ಮೊದಲ ಕೆಲವು ತಿಂಗಳು ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿಯೇ ಹಿತ್ತಲಿಗೆ ಬಿಟ್ಟು, ತಿರುಗಿ ಬಂದಾಗಲೆಲ್ಲ ಅದಕ್ಕೆ ಅತ್ಯಂತ ಇಷ್ಟವಾದ ತಿನಿಸನ್ನೇ ಕೊಟ್ಟು ಅಭ್ಯಾಸ ಮಾಡಿಸಿ.

ಇಲ್ಲಿನ ಹಿತ್ತಲು ನಿಮಗೆ ಖಾಲಿಯಾಗಿ ಕಾಣುತ್ತದೆ, ಆದರೆ ಖಾಲಿಯಿರುವುದಿಲ್ಲ. ವಸಂತದಲ್ಲಿ ಕಾಟನ್‌ಟೇಲ್ ಮೊಲ ಹುಲ್ಲುಹಾಸಿನ ನಡುವೆಯೇ ಅಂಗೈಯಷ್ಟು ಗುಳಿ ತೋಡಿ, ಒಣಹುಲ್ಲನ್ನೂ ತನ್ನ ಎದೆಯ ರೋಮವನ್ನೂ ಹೊದಿಸಿ ಮರಿ ಹಾಕುತ್ತದೆ. ತಾಯಿ ಮುಂಜಾನೆ, ಮುಸ್ಸಂಜೆ ಮಾತ್ರ ಬಂದು ಹಾಲೂಡಿ ಹೋಗುವುದರಿಂದ, ಮರಿಗಳು ಅನಾಥವೆಂದು ಭಾವಿಸಿ ಒಳಗೆ ತರಬೇಡಿ. ಮೂರು ವಾರಗಳಲ್ಲಿ ಅವು ತಾವಾಗಿಯೇ ಹೊರಟುಹೋಗುತ್ತವೆ. ಅಲ್ಲಿಯವರೆಗೆ ನಾಯಿಯನ್ನು ಹಗ್ಗದಲ್ಲಿಯೇ ಹಿಡಿದು, ಆ ಮೂಲೆಯಿಂದ ದೂರವಿಡಿ. ರಾಬಿನ್ ಹಕ್ಕಿ ನಿಮ್ಮ ಬೇಲಿಯ ಮೇಲೋ ಡೆಕ್ಕಿನ (ಹಿಂಬಾಗಿಲ ಮರದ ಜಗಲಿಯ) ತೊಲೆಯ ಮೇಲೋ ಗೂಡು ಕಟ್ಟಿ, ನಾಯಿ ದಿನವಿಡೀ ಅದಕ್ಕೆ ಹಾರುತ್ತಿದ್ದರೂ ಮೊಟ್ಟೆ ಮರಿಗಳಿರುವ ಗೂಡನ್ನು ನೀವಾಗಿ ಕಿತ್ತುಹಾಕುವಂತಿಲ್ಲ, ಏಕೆಂದರೆ ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯಿದೆ ಅವುಗಳಿಗೆ ರಕ್ಷಣೆ ಕೊಟ್ಟಿದೆ. ಹಕ್ಕಿಗಳಿಗೆಂದು ಕಾಳು ತೂಗುಹಾಕುವ ಆಸೆಯಿದ್ದರೆ, ಕೆಳಗೆ ಚೆಲ್ಲಿದ ಕಾಳಿಗೆ ಅಳಿಲು, ಚಿಪ್‌ಮಂಕ್, ಇಲಿಗಳೂ ಬರುತ್ತವೆ ಎಂಬುದು ನೆನಪಿರಲಿ. ನಾಯಿ ಮತ್ತು ಕಾಳಿನ ಡಬ್ಬ ಎರಡೂ ಒಂದೇ ಹಿತ್ತಲಿನಲ್ಲಿ ಬೇಡವೆಂಬುದು ನನ್ನ ಅಭಿಪ್ರಾಯ, ಮನೆಯಲ್ಲಿ ಇದನ್ನು ಎಲ್ಲರೂ ಒಪ್ಪುವುದಿಲ್ಲ.

ಸ್ಕಂಕ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಒಂದಲ್ಲ ಒಂದು ರಾತ್ರಿ ನಿಮ್ಮ ನಾಯಿ ಅದನ್ನು ಭೇಟಿಯಾಗುವುದು ಬಹುಮಟ್ಟಿಗೆ ಖಚಿತ. ಬೆಕ್ಕಿನ ಗಾತ್ರದ, ಕಪ್ಪು ಮೈಮೇಲೆ ಬಿಳಿಪಟ್ಟೆಯ ಈ ಪ್ರಾಣಿ ಡೆಕ್ಕಿನ ಕೆಳಗೆ ಬಿಲ ಮಾಡುತ್ತದೆ. ಹತ್ತಿರ ಬಂದವರಿಗೆ ಮೊದಲು ಮುಂಗಾಲುಗಳನ್ನು ನೆಲಕ್ಕೆ ಬಡಿದು, ಬಾಲವೆತ್ತಿ ಎಚ್ಚರಿಕೆ ಕೊಡುತ್ತದೆ. ನಾಯಿಗಳು ಅದನ್ನು ಆಟಕ್ಕೆ ಕರೆಯೆಂದು ತಿಳಿಯುತ್ತವೆ. ಸುಮಾರು ಮೂರು ಮೀಟರ್ ದೂರಕ್ಕೆ ಗುರಿಯಿಟ್ಟು ಅದು ಎರಚುವ ದ್ರವದಲ್ಲಿರುವ ಗಂಧಕದ ಸಂಯುಕ್ತಗಳು ಬರೀ ನೀರಿಗೂ ಟೊಮೆಟೊ ರಸಕ್ಕೂ ಬಗ್ಗುವುದಿಲ್ಲ. ರಸಾಯನಶಾಸ್ತ್ರಜ್ಞ ಪಾಲ್ ಕ್ರೆಬಾಮ್ 1993ರಲ್ಲಿ ಪ್ರಕಟಿಸಿದ ಮಿಶ್ರಣವೇ ಇಂದಿಗೂ ಉತ್ತಮ ಮದ್ದು: 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ದ್ರವ ಒಂದೆರಡು ಚಮಚ. ಬೇಕಾದಾಗಲೇ ಹೊಸದಾಗಿ ಕಲಸಿ, ಕಣ್ಣು ಬಾಯಿಗೆ ತಾಗದಂತೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಉಳಿದದ್ದನ್ನು ಮುಚ್ಚಳ ಹಾಕಿ ಇಟ್ಟರೆ ಒಳಗೆ ಆಮ್ಲಜನಕ ತುಂಬಿ ಬಾಟಲಿ ಸಿಡಿಯುತ್ತದೆ, ಆದ್ದರಿಂದ ಚೆಲ್ಲಿಬಿಡಿ. ಬೆರೆಸದ ಸಾಮಾನುಗಳನ್ನು ಗ್ಯಾರೇಜಿನಲ್ಲಿ ಸದಾ ಇಟ್ಟುಕೊಂಡಿರಿ. ರಾತ್ರಿ ಹನ್ನೊಂದಕ್ಕೆ ಆ ನಾಯಿಯನ್ನು ಮನೆಯಲ್ಲಿ ಬಿಟ್ಟು ನೀವು ಅಂಗಡಿಗೆ ಹೋಗಲಾರಿರಿ.

ವಾಸನೆ ಹೋಗುತ್ತದೆ, ಕಡಿತದ ವಿಷಯ ಹಾಗಲ್ಲ. ನಾಯಿಗಳಲ್ಲೇ ಹರಡುತ್ತಿದ್ದ ರೇಬೀಸ್ ಪ್ರಭೇದ ಅಮೆರಿಕದಲ್ಲಿ ಇಲ್ಲವಾಗಿದೆಯೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2007ರಲ್ಲಿ ಘೋಷಿಸಿದರೂ, ರಕೂನ್, ಸ್ಕಂಕ್, ನರಿ, ಬಾವಲಿಗಳಲ್ಲಿ ರೋಗ ಉಳಿದುಕೊಂಡಿದೆ. ಕಾಡುಪ್ರಾಣಿಯೊಡನೆ ಕಚ್ಚಾಟವಾಗಿದ್ದರೆ, ಗಾಯ ಕಾಣದಿದ್ದರೂ ಅದೇ ದಿನ ಪಶುವೈದ್ಯರಿಗೆ ತಿಳಿಸಿ. ಲಸಿಕೆ ಸಕಾಲದಲ್ಲಿ ಆಗಿರುವ ನಾಯಿಗೆ ಸಾಮಾನ್ಯವಾಗಿ ಇನ್ನೊಂದು ಚುಚ್ಚುಮದ್ದು ಕೊಟ್ಟು, ಮನೆಯಲ್ಲಿಯೇ 45 ದಿನಗಳ ನಿಗಾದಲ್ಲಿ ಇಡಲು ಹೇಳುತ್ತಾರೆ. ಲಸಿಕೆಯೇ ಆಗದ ನಾಯಿಯ ವಿಷಯದಲ್ಲಿ ತಿಂಗಳುಗಟ್ಟಲೆ ಪ್ರತ್ಯೇಕವಾಸದಿಂದ ದಯಾಮರಣದವರೆಗೂ ಮಾತು ಹೋಗಬಹುದು. ಮುಳ್ಳುಹಂದಿಯ ಮುಳ್ಳು ಚುಚ್ಚಿಕೊಂಡು ಬಂದರೂ ಮನೆಯಲ್ಲಿ ಕೀಳಲು ಹೋಗಬೇಡಿ, ತುದಿಯಲ್ಲಿ ಹಿಮ್ಮುಖದ ಕೊಕ್ಕೆಗಳಿರುತ್ತವೆ.

ಇನ್ನು ಬೇಲಿ. ನಾಯಿ ಅದನ್ನು ಪರೀಕ್ಷಿಸುವ ಕ್ರಮ ನಮ್ಮದಕ್ಕಿಂತ ಶಿಸ್ತಿನದು. ನಮ್ಮ ಗುಂಡ ಹೊಸ ಮನೆಗೆ ಬಂದ ದಿನ ಬೇಲಿಯ ಗುಂಟ ಮೂಗುಜ್ಜಿಕೊಂಡು ಒಂದು ಸುತ್ತು ಬಂದು, ಗೇಟಿನ ಕೆಳಗಿನ ಸಂದಿನ ಬಳಿ ನಿಂತು, ಮೊದಲು ಮೂತಿ ತೂರಿಸಿತು, ಆಮೇಲೆ ಒಂದು ಕಾಲು. ಮೂರನೆಯ ದಿನ ಅಲ್ಲಿ ಮಣ್ಣು ಕೆದರಿತ್ತು. ಹೆಚ್ಚಿನ ಬೇಲಿಗಳು ಸೋಲುವುದು ಗೇಟಿನಲ್ಲಿ: ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಉಬ್ಬಿ ಕಂಬವನ್ನು ಮೇಲೆತ್ತಿದಾಗ ಚಿಲಕ ಕೂತಂತೆ ಕಂಡರೂ ಕೂತಿರುವುದಿಲ್ಲ. ಹಿಮದ ಊರಿನಲ್ಲಿದ್ದರೆ ಇನ್ನೊಂದು ಮಾತು. ಗಾಳಿಗೆ ಬೇಲಿಯ ಬುಡದಲ್ಲಿ ಮೂರು ಅಡಿ ಹಿಮ ಗುಡ್ಡೆಬಿದ್ದು ಗಟ್ಟಿಯಾದರೆ, ನಿಮ್ಮ ಐದು ಅಡಿಯ ಬೇಲಿ ಆ ದಿನದ ಮಟ್ಟಿಗೆ ಎರಡು ಅಡಿಯದು. ಗುಂಡ ಎರಡನೆಯ ಸಲ ತಪ್ಪಿಸಿಕೊಂಡದ್ದು ಹಾಗೆ; ಆಟಕ್ಕೆ ಮೆಟ್ಟಿಲು ಕಟ್ಟಿಕೊಟ್ಟಂತೆ ಹಿಮವನ್ನು ಅಲ್ಲಿಗೆ ತಳ್ಳಿದವನು ನಾನೇ.

ಬಗೆಯುವ ನಾಯಿಗೆ ತಂತಿಬಲೆಯನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಮಡಚಿ, ಒಂದು ಭಾಗವನ್ನು ಬೇಲಿಗೆ ಬಿಗಿದು, ಇನ್ನೊಂದನ್ನು ಹಿತ್ತಲಿನ ಒಳಮುಖವಾಗಿ ಮಣ್ಣಿನಡಿ ಹಾಸಬೇಕು; ನಾಯಿ ಬೇಲಿಯ ಬುಡದಲ್ಲೇ ಕೆದರುವುದರಿಂದ ಉಗುರಿಗೆ ಬಲೆ ಸಿಕ್ಕಿ ಕೈಬಿಡುತ್ತದೆ. ಹತ್ತುವ ನಾಯಿಗೆ ಜಾಲರಿಯ ಬೇಲಿ ಏಣಿಯಿದ್ದಂತೆ, ಮೇಲಾಗಿ ಆಚೆಯ ಅಳಿಲೂ ಕಾಣುತ್ತದೆ. ಸಂದಿಲ್ಲದ ಹಲಗೆಬೇಲಿ ಎತ್ತರದಲ್ಲಿ ಕಡಿಮೆಯಿದ್ದರೂ ಎಷ್ಟೋ ಮೇಲು. ತೋಳವನ್ನು ಹೋಲುವ ಸಣ್ಣ ಕಾಡುಪ್ರಾಣಿ ಕಯೋಟಿ ಓಡಾಡುವ ಕಡೆ ಆರು ಅಡಿಯನ್ನೂ ಅದು ಹತ್ತಿ ದಾಟಬಲ್ಲದಾದ್ದರಿಂದ ಸಣ್ಣ ನಾಯಿಯನ್ನು ಮುಸ್ಸಂಜೆಯ ನಂತರ ಒಂಟಿಯಾಗಿ ಬಿಡಲೇಬೇಡಿ. ಕತ್ತಿನ ಪಟ್ಟಿಯಿಂದ ವಿದ್ಯುತ್ ಆಘಾತ ಕೊಡುವ, ಕಣ್ಣಿಗೆ ಕಾಣದ ಬೇಲಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ: ಮೊಲದ ಹಿಂದೆ ಬಿದ್ದ ನಾಯಿ ಆ ನೋವನ್ನು ದಾಟಿ ಹೋಗುತ್ತದೆ, ಓಟದ ಹುಮ್ಮಸ್ಸು ಇಳಿದ ಮೇಲೆ ಅದೇ ನೋವಿಗೆ ಹೆದರಿ ಒಳಗೆ ಬರುವುದಿಲ್ಲ, ಹೊರಗಿನ ಪ್ರಾಣಿಯನ್ನಂತೂ ಅದು ತಡೆಯುವುದೇ ಇಲ್ಲ.

ಕಂಬ ನೆಡುವ ಮೊದಲು ಮನೆಯ ಸರ್ವೆ ನಕ್ಷೆ ನೋಡಿ ಗಡಿ ಖಚಿತಪಡಿಸಿಕೊಳ್ಳಿ, ಬಡಾವಣೆಯ ಸಂಘದ ನಿಯಮಗಳನ್ನೂ ಸ್ಥಳೀಯ ಆಡಳಿತದ ಅನುಮತಿಯನ್ನೂ ವಿಚಾರಿಸಿ, ಅಮೆರಿಕದಲ್ಲಾದರೆ 811ಕ್ಕೆ ಕರೆ ಮಾಡಿ. ಅನಿಲ, ವಿದ್ಯುತ್ ಕೊಳವೆಗಳು ಎಲ್ಲಿ ಹಾದಿವೆಯೆಂದು ಅವರು ಉಚಿತವಾಗಿ ಬಣ್ಣದ ಗುರುತು ಹಾಕಿಸಿಕೊಡುತ್ತಾರೆ. ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ. ನಾಯಿ ಅವರ ಕಡೆಯ ಗಿಡಗಳ ನಡುವೆ ಪ್ರತ್ಯಕ್ಷವಾದ ದಿನ ಆ ಪರಿಚಯ ಉಪಯೋಗಕ್ಕೆ ಬರುತ್ತದೆ.

ತಪ್ಪಿಸಿಕೊಂಡ ನಾಯಿಯ ಹಿಂದೆ ಕೂಗುತ್ತ ಓಡಿದರೆ ಅದಕ್ಕದು ಮತ್ತೊಂದು ಆಟ. ವಿರುದ್ಧ ದಿಕ್ಕಿಗೆ ನಡೆಯಿರಿ, ಕುಳಿತುಕೊಳ್ಳಿ, ಗೇಟನ್ನು ತೆರೆದೇ ಇಡಿ. ಗುಂಡ ಎರಡೂ ಸಲ ಅದೇ ಗೇಟಿನಿಂದ ಒಳಗೆ ಬಂದಿತು. ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ ಹಾಕಿಸಿದ್ದೇವಲ್ಲ ಎಂದು ನೆಮ್ಮದಿಯಾಗಿರುವವರು ಒಮ್ಮೆ ನೋಂದಣಿಯನ್ನು ತೆರೆದು ನೋಡಬೇಕು. ಚಿಪ್ಪಿನಲ್ಲಿರುವುದು ಒಂದು ಸಂಖ್ಯೆ ಮಾತ್ರ, ಅದು ನಾಯಿ ಎಲ್ಲಿದೆಯೆಂದು ತೋರಿಸುವುದಿಲ್ಲ. ಆ ಸಂಖ್ಯೆಯ ಎದುರಿಗೆ ಎಷ್ಟೋ ಜನರ ನೋಂದಣಿಯಲ್ಲಿ ಇನ್ನೂ ಹಳೆಯ ಬಾಡಿಗೆ ಮನೆಯ ವಿಳಾಸವೂ ಎಂದೋ ಬಿಟ್ಟ ಫೋನ್ ನಂಬರೂ ಇರುತ್ತವೆ.