ಥಯಾಜೋಲ್ ಉಂಗುರ ಮತ್ತು ಅದರ 5ನೇ ಜಾಗ: ನನ್ನ ಅನುಭವ

ಗಂಧಕ, ಸಾರಜನಕ ಎರಡೂ ಒಂದೇ ಉಂಗುರದಲ್ಲಿರುವ, ಐದು ಪರಮಾಣುಗಳ ಪುಟ್ಟ ರಚನೆ ಥಯಾಜೋಲ್. ಆ ಐದು ಜಾಗಗಳಿಗೆ 1ರಿಂದ 5ರವರೆಗೆ ಸಂಖ್ಯೆ ಕೊಡುತ್ತಾರೆ. ಬಿ1 ವಿಟಮಿನ್‌ನಲ್ಲಿ ಇದಿದೆ. ಅಸಿಡಿಟಿಗೆ ಕೊಡುವ ಫ್ಯಾಮೋಟಿಡಿನ್, ಸೋಂಕಿಗೆ ಕೊಡುವ ಸೆಫಿಕ್ಸಿಮ್, ಕೀಲುನೋವಿನ ಮೆಲಾಕ್ಸಿಕ್ಯಾಮ್, ಇವುಗಳಲ್ಲೂ ಇದೆ. ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಮಾಡಿಸುವುದು ಇದರದೇ ಒಂದು ಸರಳ ರೂಪ, 2-ಅಮಿನೊ-4-ಫಿನೈಲ್‌ಥಯಾಜೋಲ್. ದಾರಿ ಹಳೆಯದು. ಜರ್ಮನ್ ರಸಾಯನಶಾಸ್ತ್ರಜ್ಞ ಹಾಂಟ್ಶ್ 1887ರಲ್ಲೇ ತೋರಿಸಿದ್ದು.

ಬೇಕಾಗುವುದು ಎರಡೇ, ಫಿನಾಸಿಲ್ ಬ್ರೋಮೈಡ್ ಮತ್ತು ಥಯೋಯೂರಿಯಾ. ಮೊದಲನೆಯದು ಕಣ್ಣಿಗೆ ತುಂಬಾ ಕೆಟ್ಟದು. ಬಾಟಲಿ ಮುಚ್ಚಳ ತೆಗೆದರೆ ಸಾಕು, ಕಣ್ಣಲ್ಲಿ ನೀರು ಸುರಿಯುತ್ತದೆ. ಹಾಗಾಗಿ ತೂಕ ಮಾಡುವುದೂ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗಾಜಿನ ಕಪಾಟು) ಒಳಗೇ. ಥಯೋಯೂರಿಯಾಗೂ ಗ್ಲೌಸ್ ಬೇಕೇ ಬೇಕು.

2 ಗ್ರಾಂ ಫಿನಾಸಿಲ್ ಬ್ರೋಮೈಡ್‌ಗೆ ನಾನು 0.9 ಗ್ರಾಂ ಥಯೋಯೂರಿಯಾ ಹಾಕುತ್ತೇನೆ. ಲೆಕ್ಕದ ಪ್ರಕಾರ 0.76 ಗ್ರಾಂ ಸಾಕು. ಆದರೆ ಉಳಿದ ಥಯೋಯೂರಿಯಾ ನೀರಲ್ಲಿ ತೊಳೆದು ಹೋಗುತ್ತದೆ, ಉಳಿದ ಬ್ರೋಮೈಡ್ ಹಾಗೆ ಹೋಗಲ್ಲ. ಎರಡನ್ನೂ 20 ಮಿ.ಲೀ. ಎಥನಾಲ್‌ನಲ್ಲಿ ಹಾಕಿ ರಿಫ್ಲಕ್ಸ್‌ಗೆ, ಅಂದರೆ ಆವಿ ತಣಿದು ಮರಳಿ ಬೀಳುವಂತೆ ಕುದಿಸಲು, ಇಡುವುದು. ಮೊದಲು ಗಂಧಕ ಬ್ರೋಮಿನ್ ಇದ್ದ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಸಾರಜನಕ ಕೀಟೋನಿನ ಕಡೆ ತಿರುಗಿ, ನೀರು ಬಿಟ್ಟು ಉಂಗುರ ಮುಚ್ಚುತ್ತದೆ. ಟಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ತಟ್ಟೆ) ಮೇಲಿದ್ದ ಬ್ರೋಮೈಡ್ ಚುಕ್ಕೆ ಮಾಯವಾದರೆ ಕೆಲಸ ಮುಗೀತು.

ಈಗ ಫ್ಲಾಸ್ಕಿನಲ್ಲಿರುವುದು ಹೈಡ್ರೋಬ್ರೋಮೈಡ್ ಲವಣ. ಅದನ್ನು ನೀರಿಗೆ ಸುರಿದು, ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ನೊರೆ ಉಕ್ಕುತ್ತದೆ, ಅದಕ್ಕೇ ದೊಡ್ಡ ಬೀಕರ್ ಒಳ್ಳೆಯದು. ಪಿಎಚ್ 8ರ ಹತ್ತಿರ ಬರುತ್ತಿದ್ದಂತೆ ಕೆನೆಬಣ್ಣದ ಪುಡಿ ದಟ್ಟವಾಗಿ ಬೀಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಗಳಿಗೆ ಅದು. ಸೋಸಿ, ತಣ್ಣೀರಲ್ಲಿ ಚೆನ್ನಾಗಿ ತೊಳೆದು, ಎಥನಾಲ್-ನೀರಿನಲ್ಲಿ ರೀಕ್ರಿಸ್ಟಲೈಸ್ ಮಾಡಿದರೆ (ಬಿಸಿಯಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿದರೆ) ಮೆಲ್ಟಿಂಗ್ ಪಾಯಿಂಟ್ 150 ಡಿಗ್ರಿ ಆಸುಪಾಸು ಬರುತ್ತದೆ. ಎನ್‌ಎಂಆರ್‌ನಲ್ಲಿ (ಅಣುವಿನ ಹೈಡ್ರೋಜನ್‌ಗಳು ಎಲ್ಲೆಲ್ಲಿವೆ ಎಂದು ತೋರಿಸುವ ಪರೀಕ್ಷೆ) 6.7 ಪಿಪಿಎಂ ಹತ್ತಿರ ಒಂಟಿಯಾಗಿ ಒಂದು ಪೀಕ್ ಕಾಣುತ್ತದೆ. ಅದು ಉಂಗುರದ 5ನೇ ಜಾಗದ ಹೈಡ್ರೋಜನ್.

ಆ ಪೀಕ್ ತೋರಿಸಿ ನಾನು ಹುಡುಗರಿಗೆ ತಪ್ಪದೇ ಹೇಳುವುದು ಸುಡಾಕ್ಸಿಕ್ಯಾಮ್ ಎಂಬ, ಮೆಲಾಕ್ಸಿಕ್ಯಾಮ್‌ನಂಥದೇ ಔಷಧದ ವಿಷಯ. ಅದಕ್ಕೂ ಮೆಲಾಕ್ಸಿಕ್ಯಾಮ್‌ಗೂ ಇರುವ ವ್ಯತ್ಯಾಸ 5ನೇ ಜಾಗದ ಒಂದು ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಗುಂಪು), ಅಷ್ಟೇ. ಸುಡಾಕ್ಸಿಕ್ಯಾಮ್‌ನಲ್ಲಿ ಅಲ್ಲಿ ಬರೀ ಹೈಡ್ರೋಜನ್. ಲಿವರ್‌ನ ಎಂಜೈಮ್‌ಗಳು ಅದರ ಉಂಗುರವನ್ನೇ ಒಡೆದು ಅಸೈಲ್ ಥಯೋಯೂರಿಯಾ ಎಂಬ, ಲಿವರ್‌ಗೇ ಹಾನಿ ಮಾಡಬಲ್ಲ ವಸ್ತು ಮಾಡುತ್ತವೆ. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಲಿವರ್‌ಗೆ ತೀವ್ರ ಹಾನಿ ಕಂಡು ಅದನ್ನು ಅಲ್ಲಿಗೇ ಕೈಬಿಟ್ಟರು. ಮೆಲಾಕ್ಸಿಕ್ಯಾಮ್‌ನಲ್ಲಿ ಎಂಜೈಮ್ ಮುಖ್ಯವಾಗಿ ಆ ಮೀಥೈಲ್ ಮೇಲೆ ಕೆಲಸ ಮಾಡುತ್ತದೆ, ಉಂಗುರ ಬಹುಮಟ್ಟಿಗೆ ಉಳಿಯುತ್ತದೆ. ಅದು ಇವತ್ತಿಗೂ ಮಾರುಕಟ್ಟೆಯಲ್ಲಿದೆ.

ಇಂಥ ಥಯಾಜೋಲ್ ಹಾಕಿದಾಗ ಲ್ಯಾಬಿನ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಸತ್ತ ಕೂಡಲೇ ಔಷಧ ಸಿಕ್ಕಿತು ಅಂತ ಬರೆಯುವವರು ಜಾಸ್ತಿ. ನನಗದು ಒಪ್ಪಿಗೆಯಿಲ್ಲ. ಲಿವರ್ ಇದನ್ನು ಏನು ಮಾಡುತ್ತದೆ ಅಂತ ಮೊದಲು ನೋಡಬೇಕು ಅಲ್ವಾ? ನಾವು ಈಗ 5ನೇ ಜಾಗದಲ್ಲಿ ಹೈಡ್ರೋಜನ್ ಇರುವುದು, ಮೀಥೈಲ್ ಇರುವುದು, ಈ ಎರಡು ರೂಪಗಳನ್ನೂ ಜೊತೆಯಲ್ಲೇ ಮಾಡುತ್ತೇವೆ. ಫಿನಾಸಿಲ್ ಬ್ರೋಮೈಡ್ ಬದಲು 2-ಬ್ರೋಮೊಪ್ರೊಪಿಯೋಫಿನೋನ್ ಹಾಕಿದರೆ 5ನೇ ಜಾಗಕ್ಕೆ ಮೀಥೈಲ್ ತಾನಾಗಿ ಬರುತ್ತದೆ. ರಿಫ್ಲಕ್ಸ್ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಬೇಕು.