ಮುಂಗಾರಿಗೆ ಮೊದಲು ಹಿಂದಿನ ಡ್ರಮ್ ಬ್ರೇಕ್ ಬಿಚ್ಚಿ ನೋಡಿ

ಇಟಲಿಯ ಫಿಯಟ್ 124ರ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇತ್ತು. ಆ ಕಾರನ್ನು ತಮ್ಮಲ್ಲೇ ತಯಾರಿಸಲು ಸೋವಿಯತ್ ಸರ್ಕಾರ 1966ರಲ್ಲಿ ಫಿಯಟ್ ಜೊತೆ ಒಪ್ಪಂದ ಮಾಡಿಕೊಂಡ ನಂತರ ಆ ಕಾರನ್ನು ಸೋವಿಯತ್ ರಸ್ತೆಗಳಲ್ಲಿ ಓಡಿಸಿ ನೋಡಿದಾಗ ಹಿಂದಿನ ಡಿಸ್ಕ್ ಕೆಸರು, ಕಲ್ಲುಪುಡಿಗೆ ತಾಳಲಿಲ್ಲ. ಹಾಗಾಗಿ 1970ರಲ್ಲಿ ತೊಲ್ಯಾಟ್ಟಿಯ ಕಾರ್ಖಾನೆಯಿಂದ ಹೊರಬಂದ ಅದರ ಸೋವಿಯತ್ ರೂಪ ವಾಜ್-2101ಕ್ಕೆ ಹಿಂದೆ ಡ್ರಮ್ (ಮುಚ್ಚಿದ ಬಟ್ಟಲಿನೊಳಗಿನಿಂದ ಒತ್ತಿ ಹಿಡಿಯುವ ಬ್ರೇಕ್) ಕೂರಿಸಿದರು. ಬಾಡಿಯ ತಗಡು ದಪ್ಪವಾಯಿತು, ಕಾರು ನೆಲದಿಂದ ಮೇಲೆದ್ದಿತು. ತೀರ್ಥಹಳ್ಳಿ, ಹೊಸನಗರದ ತೋಟದ ದಾರಿಗಳಲ್ಲಿ ಇನ್ನೂ ಓಡುವ ಪದ್ಮಿನಿ, ಅಂಬಾಸಡರ್‌ಗಳಿಗೂ ಡ್ರಮ್ಮೇ ಒಳ್ಳೆಯದು. ಆದರೆ ಒಳಗೆ ಹೊಕ್ಕ ಕೆಸರನ್ನು ಅದು ಹೊರಗೆ ಬಿಡುವುದಿಲ್ಲ. ಮೇ ತಿಂಗಳಲ್ಲೇ ಬಿಚ್ಚಿ ನೋಡಬೇಕು.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ. ಜ್ಯಾಕಿನ ಕೆಳಗೆ ದಪ್ಪ ಹಲಗೆ ಇರಲಿ, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ ಕೆಲಸಕ್ಕೆ ಕೂರಬೇಡಿ. ಡ್ರಮ್ ಹಿಡಿದಿರುವ ಸ್ಕ್ರೂ ತೆಗೆದು, ಅಡ್ಜಸ್ಟರ್ (ಬ್ರೇಕನ್ನು ಡ್ರಮ್ಮಿಗೆ ಹತ್ತಿರ-ದೂರ ಮಾಡುವ ಭಾಗ) ಸಡಿಲಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ ಬರುತ್ತದೆ. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಯೇ ಲೈನಿಂಗ್; ಹಳೆಯದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೈನಿಂಗ್ 2 ಮಿಮೀಗೆ ಇಳಿದಿದ್ದರೆ ಎರಡೂ ಚಕ್ರದ್ದನ್ನು ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಲೈನಿಂಗನ್ನು ಡ್ರಮ್ಮಿನತ್ತ ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಅಂಚು ಎತ್ತಿ ನೋಡಿ: ಒದ್ದೆಯಿದ್ದರೆ ಹೊಸ ರಬ್ಬರ್ ಕಿಟ್ ಹಾಕಿ, ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ಅತಿ ದೂರದ ಚಕ್ರದಿಂದ ಶುರುಮಾಡಿ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯಿರಿ. ಒಳಗೆ ಗೇರ್ ಆಯಿಲ್ ವಾಸನೆ ಬಂದರೆ ಆಕ್ಸಲ್ ಸೀಲ್ ಹೋಗಿದೆ ಎಂದರ್ಥ. ಸೀಲ್ ಮಾತ್ರ ಬದಲಿಸಿ ಸುಮ್ಮನಾದರೆ ಮತ್ತೆ ಸೋರುತ್ತದೆ. ಹಿಂದಿನ ಆಕ್ಸಲ್ ಮೇಲಿನ ಉಸಿರುನಳಿಕೆ ಕೆಸರಿನಿಂದ ಮುಚ್ಚಿದ್ದಾಗ ಬಿಸಿ ಗಾಳಿ ಹೊರಹೋಗಲಾರದೆ ಆಯಿಲನ್ನೇ ಸೀಲಿನಾಚೆ ತಳ್ಳುತ್ತದೆ; ಬಹಳ ಮಂದಿ ಬಿಡುವುದು ಇದನ್ನೇ. ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೂ ಹಿಡಿತ ಬಾರದು, ಎಸೆಯಿರಿ.

ಜೋಡಿಸಿದ ಮೇಲೆ ಡ್ರಮ್ ಉಜ್ಜುವವರೆಗೆ ಅಡ್ಜಸ್ಟರ್ ಬಿಗಿ ಮಾಡಿ, ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಆಮೇಲೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿದರೆ 140ರ ಆಸುಪಾಸಿಗೇ ಕುದಿಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ; ಎರಡನೇ ಗೇರಿನಲ್ಲೇ ಇಳಿಯಿರಿ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತ ಪೆಡಲನ್ನು ಹಗುರಾಗಿ ಒತ್ತಿ ಲೈನಿಂಗ್ ಒಣಗಿಸಿ. ಮಳೆಯ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಲೈನಿಂಗ್ ತುಕ್ಕಿಗೆ ಡ್ರಮ್ಮಿಗಂಟುತ್ತದೆ. ಸಮತಟ್ಟಿನಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.